ಅರಸನ ಮದಿರೆ, ನಮ್ಮ ಹೆಂಡ

ನವಿಲುತೀರ್ಥದ ಒಡ್ಡಿನಿಂದ ಸವದತ್ತಿ, ರಾಮದುರ್ಗ, ಬೈಲಹೊಂಗಲ ಯಾವ ಕಡೆ ಹೋದರೂ ಜನ 'ಸಿಂದಿ' ಅಂತಾರ, 'ಸೆರೆ' ಅಂತಾರ, 'ಕುಡದು ಬಿದ್ದಾನ' ಅಂತಾರ. 'ಮದಿರಾಪಾನ ಮಾಡ್ಯಾನ' ಅನ್ನುವವ ಒಬ್ಬನೂ ಸಿಗುವುದಿಲ್ಲ. ಆದರೆ ನಮ್ಮ ಚಾರಿತ್ರಿಕ ಕಾದಂಬರಿಗಳ ಅರಮನೆಯಲ್ಲಿ ಹರಿಯುವುದು ಮದಿರೆ, ಮಧು, ಆಸವ, ಬಟ್ಟಲು ಬಂಗಾರದ್ದು. ಅದೇ ಕಥೆ ಊರ ಹೊರಗಿನ ಗುಡಿಸಲಿಗೆ ಬಂತೆಂದರೆ ಸಾಕು, ಅದು ಹೆಂಡವಾಗುತ್ತದೆ, ಗಡಿಗೆಗೆ ಇಳಿಯುತ್ತದೆ, ನಾರುತ್ತದೆ. ಅರಸ ಕುಡಿದರೆ ರಸಿಕ, ಹೊಲಗೇರಿಯವ ಕುಡಿದರೆ ಕುಡುಕ. ಅಮಲು ಒಂದೇ, ಮಾತಿಗೆ ಮಾತ್ರ ಜಾತಿ.

ಇದು ಕನ್ನಡದ ಹುಟ್ಟುಗುಣವೇನಲ್ಲ. ಹಳಗನ್ನಡದಲ್ಲಿ 'ಕಳ್' ಎಂಬ ಅಚ್ಚ ಮಾತಿತ್ತು. ಹತ್ತನೆಯ ಶತಮಾನದ ಪಂಪ ತನ್ನ ಭಾರತದಲ್ಲಿ ಸೂಳೆಗೇರಿಯ ಕುಡಿತವನ್ನು ಸಂಕೋಚವಿಲ್ಲದೆ ವರ್ಣಿಸಿದ. ಹನ್ನೆರಡನೆಯ ಶತಮಾನದಲ್ಲಿ ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡವನು ವಚನಕಾರನಾದ, ಹೆಂಡದ ಮಾರಯ್ಯ ಎಂದೇ ಉಳಿದ. ಅವನನ್ನು ಯಾರೂ 'ಮದಿರೆಯ ಮಾರಯ್ಯ' ಎಂದು ತೊಳೆದಿಡಲಿಲ್ಲ.

ಇನ್ನೊಂದು ತಮಾಷೆ ನೋಡಿ. ಸಂಸ್ಕೃತದಲ್ಲಿ 'ಕಾದಂಬರಿ' ಅಂದರೆ ಒಂದು ಬಗೆಯ ಮದ್ಯವೂ ಹೌದು. ಬಾಣಭಟ್ಟನ ನಾಯಕಿಯ ಹೆಸರಾಗಿ, ಆ ಕೃತಿಯ ಹೆಸರಾಗಿ, ಕಡೆಗೆ ಕನ್ನಡದಲ್ಲಿ ಒಂದು ಸಾಹಿತ್ಯ ಪ್ರಕಾರದ ಹೆಸರೇ ಆಯಿತು. ಹೆಂಡವೆಂದರೆ ಮೂಗು ಮುಚ್ಚುವ ಪಂಡಿತರ ಕಪಾಟಿನ ತುಂಬ ಈ ಮದ್ಯವೇ ಇದೆ!

ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) 1834ರಲ್ಲಿ ಕೊಡಗನ್ನು ಕಳೆದುಕೊಂಡ ಅರಸನ ಕಥೆ. ಅಲ್ಲಿ ಅರಮನೆಯ ಕುಡಿತಕ್ಕೆ ಬಂಗಾರದ ಲೇಪವಿಲ್ಲ, ನಿಜ. ಆದರೂ ಅರಸನ ಕುಡಿತ ಒಂದು ರಾಜ್ಯದ ಇತಿಹಾಸವಾಗುತ್ತದೆ. ಕೂಲಿಯವನ ಕುಡಿತ ಮಾತ್ರ ಅವನ ಕುಲದ ಗುಣವಾಗಿಬಿಡುತ್ತದೆ. ಯಾಕ?

ನಮ್ಮ ಕುಡಿತಕ್ಕೂ ಇತಿಹಾಸವಿದೆ. ಕಿತ್ತೂರಿನ ಕಥೆ ಹೇಳುವವರು 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಅದೇ ನೆಲಕ್ಕೆ 1878ರಲ್ಲಿ ಮುಂಬಯಿ ಸರ್ಕಾರದ ಅಬಕಾರಿ ಕಾಯಿದೆ ಬಂತು. ಪರವಾನಗಿ ಇಲ್ಲದೆ ಈಚಲ ಗಿಡ ಕೆತ್ತಿದರೆ ಅಪರಾಧವಾಯಿತು. ಗಿಡದ ರಸ ಸರ್ಕಾರದ ಬೊಕ್ಕಸಕ್ಕೆ ಹರಿಯಿತು. ಗುತ್ತೇದಾರ, ಪರವಾನಗಿ, ಹರಾಜು, ಬಟ್ಟಿ ಎಂಬ ಮಾತುಗಳು ನಮ್ಮ ಬಾಯಿಗೆ ಬಂದದ್ದು ಚಟದಿಂದಲ್ಲ, ಆಳ್ವಿಕೆಯಿಂದ. 1949ರ ಮುಂಬಯಿ ಪಾನನಿಷೇಧ ಕಾಯಿದೆ ಕುಡಿತವನ್ನು ಕದ್ದು ಮಾಡುವ ಕೆಲಸವಾಗಿಸಿತು. ಮುಂದೆ ಕರ್ನಾಟಕ ಸರ್ಕಾರವೇ ಸಾರಾಯಿಯನ್ನು ಹರಾಜಿಗಿಟ್ಟಿತು. 2007ರ ಜುಲೈ 1ರಂದು ಸಾರಾಯಿ ನಿಂತಿತು, ಬ್ರಾಂದಿ ವಿಸ್ಕಿ ನಿಲ್ಲಲಿಲ್ಲ. ಬಡವನ ಮಾತಿಗೆ ನಿಷೇಧ, ಬಾಟಲಿಯ ಮಾತಿಗೆ ಪರವಾನಗಿ.

ಗೆಳೆಯರೇ, ನಾವು ಕುಡಿತವನ್ನು ಹಾಡಿ ಹೊಗಳುತ್ತಿಲ್ಲ. ಹೆಂಡ ನಮ್ಮ ಕೇರಿಯ ಹೆಣ್ಣುಮಕ್ಕಳ ತಾಳಿ ಅಡವಿಡಿಸಿದೆ, ಮಕ್ಕಳ ಅನ್ನ ಕಸಿದಿದೆ. ಆ ಸಿಟ್ಟು ನಮ್ಮಲ್ಲಿದೆ. ಆದರೆ ಅಪ್ಪನ ಗಡಿಗೆಯನ್ನಷ್ಟೇ ತೋರಿಸಿ, ಅದರ ಹರಾಜಿನ ಲಾಭ ತಿಂದವನನ್ನು ಮರೆಮಾಡುವ ಇತಿಹಾಸ ನಮಗೆ ಬೇಡ.

ಹಳ್ಳಿಯ ಮಾಸ್ತರರಿಗೆ ಒಂದು ಮಾತು. ಪಾಠದಲ್ಲಿ 'ಪಾನಗೋಷ್ಠಿ' ಬಂದಾಗ 'ಇದಕ್ಕ ನಿಮ್ಮ ಮನ್ಯಾಗ ಏನಂತೀರಿ?' ಎಂದು ಮಕ್ಕಳನ್ನು ಕೇಳಿ. ಅವರು ಹೇಳುವ ಮಾತನ್ನು ಹಲಗೆಯ ಮೇಲೆ ಬರೆಯಿರಿ, ಅಳಿಸಬೇಡಿ. ನಮ್ಮ ಚಾರಿತ್ರಿಕ ಕಾದಂಬರಿ ಅಲ್ಲಿಂದ ಶುರುವಾಗಲಿ.