ಎಡೆಯಿಲ್ಲದವರಿಗೆ ಎಡೆಯಿತ್ತ ಪತ್ರಿಕೆಗಳು

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ನಮ್ಮ ಮನೆಗಳ ಮಕ್ಕಳಿಗೂ ತಿಳಿದಿದೆ. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತು 993ರಲ್ಲಿ ‘ಅಜಿತಪುರಾಣ’ವನ್ನು ಬರೆಯಿಸಿದವಳೂ ಆಕೆಯೇ. ಇದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇರುವ ಕೃತಿಯನ್ನು ಉಳಿಸುವುದು ಒಂದು ಬಗೆಯ ಶಾಸ್ತ್ರದಾನವಾದರೆ, ಬರೆಯಬಲ್ಲವರನ್ನು ಗುರುತಿಸಿ ಬರೆಯಿಸುವುದು ಇನ್ನೊಂದು ಬಗೆ. ಅಚ್ಚುಕೂಟಗಳು ಬಂದ ತರುವಾಯ ಈ ಎರಡನೆಯ ಹೊಣೆಯನ್ನು ಹೊತ್ತವು ಸಣ್ಣ ಪತ್ರಿಕೆಗಳು.

ನಂಜನಗೂಡು ತಿರುಮಲಾಂಬಾ ಅವರು 14ನೆಯ ವಯಸ್ಸಿನಲ್ಲಿ ವಿಧವೆಯಾದವರು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ, 1913ರಲ್ಲಿ, ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಆದರೆ ‘ಮಾತೃನಂದಿನಿ’ ಕಾದಂಬರಿಗೆ ಬಂದ ಕಟುವಿಮರ್ಶೆಯಿಂದ ನೊಂದು ಲೇಖನಿಯನ್ನು ಕೆಳಗಿಟ್ಟ ಅವರು, 1982ರಲ್ಲಿ ತೀರಿಕೊಳ್ಳುವವರೆಗೂ ದಶಕಗಳ ಕಾಲ ಮರೆವಿನಲ್ಲಿ ಉಳಿದರು. ಅವರನ್ನು ಮತ್ತೆ ಓದುಗರ ಮುಂದೆ ತಂದವರಲ್ಲಿ ನಾಗಚಂದ್ರ ಕವಿಯನ್ನು ಕುರಿತು ಸಂಶೋಧನೆ ನಡೆಸಿದ ವಿಜಯಾ ದಬ್ಬೆಯವರೂ ಒಬ್ಬರು.

ಬಾಲ್ಯದಲ್ಲೇ ವೈಧವ್ಯವನ್ನು ಕಂಡ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 1921ರಲ್ಲಿ ಆರಂಭಿಸಿದ ‘ಸರಸ್ವತಿ’ ಮಾಸಪತ್ರಿಕೆ ನಾಲ್ಕು ದಶಕಗಳ ಕಾಲ ನಡೆಯಿತು. ಮೊದಲ ಬಾರಿಗೆ ಲೇಖನಿ ಹಿಡಿದ ಗೃಹಿಣಿಯರಿಗೆ ಅದರಲ್ಲಿ ಎಡೆಯಿತ್ತು. ನಾನಿರುವ ಸುದ್ದಗುಂಟೆಪಾಳ್ಯದಿಂದ ಕೆಲವು ಮೈಲಿ ದೂರದ ಚಾಮರಾಜಪೇಟೆಯ ಮಕ್ಕಳ ಕೂಟವನ್ನು 1938ರಲ್ಲಿ ಸ್ಥಾಪಿಸಿದವರೂ ಅವರೇ.

1970ರ ದಶಕದಲ್ಲಿ ಶೂದ್ರ ಶ್ರೀನಿವಾಸ್ ಅವರ ‘ಶೂದ್ರ’, ದಲಿತ ಲೇಖಕರೇ ಕೂಡಿ ನಡೆಸಿದ ‘ಪಂಚಮ’ ಇದೇ ಕಾರ್ಯವನ್ನು ಮುಂದುವರಿಸಿದವು. ಪ್ರತಿಷ್ಠಿತ ಪತ್ರಿಕೆಗಳ ಬಾಗಿಲಲ್ಲಿ ಕಾಯುವ ಬದಲು ಈ ಲೇಖಕರು ತಮ್ಮ ಬಾಗಿಲನ್ನು ತಾವೇ ತೆರೆದುಕೊಂಡರು.

ನಾನು ಲೆಕ್ಕಪತ್ರದ ಮನುಷ್ಯ. ಕಾಗದದ ಬೆಲೆ, ಅಚ್ಚಿನ ಕೂಲಿ, ಅಂಚೆಯ ವೆಚ್ಚ ಇವೆಲ್ಲ ಮೊದಲೇ ಕೈಬಿಟ್ಟು ಹೋಗುತ್ತವೆ. ಚಂದಾಹಣವಾದರೋ ತಡವಾಗಿ, ಚೂರುಚೂರಾಗಿ ಬರುತ್ತದೆ. ಈ ನಡುವಣ ಅಂತರದಲ್ಲಿಯೇ ಸಣ್ಣ ಪತ್ರಿಕೆಗಳು ಸಾಯುತ್ತವೆ. ಒಂದು ಪತ್ರಿಕೆ ನಿಂತರೆ ಅದರಲ್ಲಿ ಬರೆಯಬಹುದಾಗಿದ್ದವರ ಹೆಸರು ಯಾವ ಖಾತೆಯಲ್ಲಿಯೂ ನಷ್ಟವೆಂದು ದಾಖಲಾಗುವುದಿಲ್ಲ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳು ವರ್ಷದ ಆಯವ್ಯಯದಲ್ಲಿ ಶಾಸ್ತ್ರದಾನಕ್ಕೆಂದು ಹಣವನ್ನು ತೆಗೆದಿಡುತ್ತವೆ. ಅದರಲ್ಲಿ ಒಂದು ಪಾಲನ್ನು ಇಂತಹ ಎರಡು ಮೂರು ಪತ್ರಿಕೆಗಳ ಚಂದಾಕ್ಕೆ, ವರ್ಷದ ಆರಂಭದಲ್ಲಿಯೇ, ಮುಂಗಡವಾಗಿ ಕೊಡಬೇಕೆಂದು ವಿನಂತಿಸುತ್ತೇನೆ. ಬಂದ ಸಂಚಿಕೆಗಳನ್ನು ಗ್ರಂಥಭಂಡಾರದಲ್ಲಿ ಎಲ್ಲರ ಕೈಗೆಟುಕುವಂತೆ ಇಡೋಣ.