ಗಣೇಶಮೂರ್ತಿಯ ಲಾಂಛನಗಳು: ಒಂದು ವಿಚಾರ

ಗಣೇಶನ ಗಜಮುಖ, ಲಂಬೋದರ, ಮೂಷಿಕವಾಹನಗಳಿಗೆ ತಾತ್ತ್ವಿಕಾರ್ಥಗಳನ್ನು ಕಲ್ಪಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಈ ಲಾಂಛನಗಳೆಲ್ಲವೂ ಮೂರ್ತಿಯೊಡನೆಯೇ ಹುಟ್ಟಿದುವೆಂದು ಭಾವಿಸುವುದಕ್ಕೆ ಶಿಲ್ಪಗಳ ಸಾಕ್ಷ್ಯವು ಎಡೆಗೊಡದು.

ಮಧ್ಯಪ್ರದೇಶದ ಉದಯಗಿರಿಯ 6ನೆಯ ಗುಹೆಯಲ್ಲಿ ಕ್ರಿ.ಶ. 401-02ರ ಗುಪ್ತಕಾಲೀನ ಶಾಸನವಿದೆ. ಅಲ್ಲಿನ ಗಣೇಶನು ದ್ವಿಭುಜನು, ಬಳಿಯಲ್ಲಿ ಇಲಿಯಿಲ್ಲ, ಎಡಗೈಯಲ್ಲಿ ಮಾತ್ರ ಭಕ್ಷ್ಯಪಾತ್ರೆಯಿದೆ. ಆರನೆಯ ಶತಮಾನದ ಬಾದಾಮಿಯ 1ನೆಯ ಗುಹೆಯಲ್ಲಿ, ಹದಿನೆಂಟು ತೋಳುಗಳ ನಟರಾಜನ ಪಕ್ಕದಲ್ಲಿ ನಿಂತ ಗಣೇಶನೂ ದ್ವಿಭುಜನೇ. ಹಂಪೆಯ ಹೇಮಕೂಟದ ಬಳಿಯ ಸಾಸಿವೆಕಾಳು ಗಣೇಶನಲ್ಲಾದರೋ ನಾಲ್ಕು ತೋಳುಗಳೂ ಪಾಶಾಂಕುಶಗಳೂ ಉದರವನ್ನು ಬಳಸಿದ ಸರ್ಪವೂ ಕಾಣುತ್ತವೆ. ಅಲ್ಲಿಯ ಶಾಸನದಂತೆ, 1506ರಲ್ಲಿ ಚಂದ್ರಗಿರಿಯ ವರ್ತಕನೊಬ್ಬನು ವಿಜಯನಗರದ ಅರಸನ ಸ್ಮರಣಾರ್ಥವಾಗಿ ಅದನ್ನು ಕಟ್ಟಿಸಿದನು.

ಆದುದರಿಂದ ಲಾಂಛನಗಳು ಕಾಲಕ್ರಮದಲ್ಲಿ ಕೂಡಿಬಂದುವೆಂದೂ, ಅವುಗಳ ಅರ್ಥವನ್ನು ಆಯಾ ಕಾಲದಲ್ಲಿಯೇ ಅರಸಬೇಕೆಂದೂ ನಾವು ಎಣಿಸುತ್ತೇವೆ. ಇದರಿಂದ ಭಕ್ತಿಗೆ ಊನವಿಲ್ಲ. ಚೌತಿಯ ದಿನ ಕಡುಬನ್ನು ನಿವೇದಿಸುವ ಗೃಹಿಣಿಯು, ಉದಯಗಿರಿಯ ಶಿಲ್ಪಿಯು ದೇವರ ಕೈಗಿತ್ತ ಪಾತ್ರೆಯನ್ನೇ ಮತ್ತೆ ತುಂಬುತ್ತಿದ್ದಾಳೆ.