ಗಣಕ ಸಂಗ್ರಹಗಳ ಪೈಪೋಟಿ: ಶಿಕಾರಿಪುರ, ಸೊರಬ ಸೀಮೆಯ ಆಕರಗಳ ಹಿನ್ನೆಲೆಯಲ್ಲಿ ಒಂದು ವಿಚಾರ

ಇತಿಹಾಸಕಾರನಿಗೆ ಆಕರಗಳೇ ಜೀವಾಳವೆಂಬುದು ನಿರ್ವಿವಾದವಾದ ಮಾತು. ಆದರೆ ಆಕರಗಳನ್ನು ಹೊತ್ತು ತಂದ ವಸ್ತುಗಳಿಗೂ ಒಂದು ಇತಿಹಾಸವುಂಟೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಶಿಲೆ, ತಾಮ್ರ, ಓಲೆ, ಕಡತ, ಕಾಗದ ಇವೆಲ್ಲವೂ ಒಂದೊಂದು ಕಾಲದಲ್ಲಿ ಬರಹದ ಭಾರವನ್ನು ಹೊತ್ತಿವೆ. ಕಳೆದ ಐವತ್ತು ವರ್ಷಗಳಲ್ಲಿ ಈ ಪಂಕ್ತಿಗೆ ಗಣಕಯಂತ್ರದಿಂದ ಬೇರ್ಪಡಿಸಿ ಕೊಂಡೊಯ್ಯಬಹುದಾದ ಸಂಗ್ರಹಗಳೂ ಸೇರಿವೆ. ಅವುಗಳ ಪೈಪೋಟಿಯಲ್ಲಿ ಗೆದ್ದುದು ಯಾವುದು, ಏಕೆ ಗೆದ್ದಿತು, ಸೋತವುಗಳೊಡನೆ ಏನೇನು ನಷ್ಟವಾಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದುದು ಒಂದು ಸಣ್ಣ ಪ್ರಸಂಗ. ಸೊರಬ ತಾಲೂಕಿನ ಕೆಲವು ಗ್ರಾಮಗಳ ವೀರಗಲ್ಲು, ಮಾಸ್ತಿಕಲ್ಲುಗಳ ಕ್ಷೇತ್ರಟಿಪ್ಪಣಿಗಳನ್ನು ಹಿಂದೊಮ್ಮೆ ನಮ್ಮ ವಿಭಾಗದ ಹಿರಿಯರು ಸಿದ್ಧಪಡಿಸಿ, ಒಂದು ಜಿಪ್ ಡಿಸ್ಕಿನಲ್ಲಿ ಇರಿಸಿದ್ದರು. ಡಿಸ್ಕು ನೋಡುವುದಕ್ಕೆ ಇಂದಿಗೂ ಹೊಸದರಂತಿದೆ. ಅದನ್ನು ಓದುವ ಯಂತ್ರ ಮಾತ್ರ ನಮ್ಮಲ್ಲಿಲ್ಲ. ಅದೇ ಟಿಪ್ಪಣಿಗಳ ಪೈಕಿ ಕಾಗದದ ಮೇಲೆ ಅಚ್ಚಾಗಿದ್ದ ನಾಲ್ಕಾರು ಹಾಳೆಗಳು ಮಾತ್ರ ನಮಗೆ ಇಂದು ಉಪಯೋಗಕ್ಕೆ ಬಂದಿವೆ.

ಇದನ್ನು ನಮ್ಮ ಸೀಮೆಯ ಪ್ರಾಚೀನ ಆಕರಗಳೊಡನೆ ಹೋಲಿಸಿ ನೋಡಬಹುದು. ಶಿಕಾರಿಪುರ ತಾಲೂಕಿನ ಮಳವಳ್ಳಿಯ ಸ್ತಂಭದಲ್ಲಿ ಶಾತಕರ್ಣಿಯೊಬ್ಬನ ಪ್ರಾಕೃತ ಶಾಸನವಿದೆ. ಅದೇ ಸ್ತಂಭದ ಮೇಲೆ ಅನಂತರದ ಕದಂಬ ಅರಸನ ಶಾಸನವೂ ಇದೆ. ರಾಜ್ಯ ಕೈ ಬದಲಾದರೂ ಹಳೆಯ ಕಂಬವೇ ಹೊಸ ಬರಹಕ್ಕೆ ಒದಗಿತು. ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಸ್ತಂಭದಲ್ಲಿ ಕುಬ್ಜಕವಿ ರಚಿಸಿದ ಸಂಸ್ಕೃತ ಕಾವ್ಯವು ಕದಂಬರ ಮೂಲಪುರುಷನಾದ ಮಯೂರಶರ್ಮನ ಕಥೆಯನ್ನು ಇಂದಿಗೂ ಹೇಳುತ್ತಿದೆ. ಇವನ್ನು ಓದಲು ಲಿಪಿಜ್ಞಾನ ಬೇಕು, ಯಂತ್ರ ಬೇಡ. ಆದರೂ ಶಿಲೆಯನ್ನು ಕೊಂಡೊಯ್ಯಲಾಗದು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟ 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ, 8ನೆಯ ಸಂಪುಟ 1904ರಲ್ಲಿ ಸೊರಬದ ಶಾಸನಗಳನ್ನೂ ಅಚ್ಚಿನಲ್ಲಿ ತಂದ ಮೇಲೆಯೇ ಅವು ದೂರದ ವಿದ್ವಾಂಸರ ಮೇಜನ್ನು ಸೇರಿದವು.

ಕೊಂಡೊಯ್ಯುವ ಅನುಕೂಲಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಸಾಧನ ಕಡತ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಹಚ್ಚಿ, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಯಾವ ಊರಿನವನಾದರೂ ಕಡತವನ್ನು ಮಾಡಬಹುದಾಗಿತ್ತು, ಯಾವ ಶಾನುಭೋಗನಾದರೂ ಓದಬಹುದಾಗಿತ್ತು. ಕಡತದ ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಈಗ ಗಣಕದ ಮಾತಿಗೆ ಬರೋಣ. ಐ.ಬಿ.ಎಂ. ಸಂಸ್ಥೆಯ 8 ಅಂಗುಲದ ಫ್ಲಾಪಿ 1971ರಲ್ಲಿಯೂ, ಶುಗಾರ್ಟ್ ಸಂಸ್ಥೆಯ 5.25 ಅಂಗುಲದ ಫ್ಲಾಪಿ 1976ರಲ್ಲಿಯೂ ಬಂದವು. 1980ರ ದಶಕದ ಆರಂಭದಲ್ಲಿ ಇನ್ನೂ ಚಿಕ್ಕ ಫ್ಲಾಪಿಗಾಗಿ ಹಲವು ತಯಾರಕರು ಹಲವು ಅಳತೆಗಳನ್ನು ಮುಂದಿಟ್ಟರು. ಗೆದ್ದುದು ಸೋನಿಯವರ 3.5 ಅಂಗುಲದ್ದು. ಇತರ ತಯಾರಕರು ಕೂಡಿ ಒಪ್ಪಿದ ನಿಯಮಕ್ಕೆ ಸೋನಿಯವರು ತಮ್ಮ ವಿನ್ಯಾಸವನ್ನು ಹೊಂದಿಸಿಕೊಂಡರೆಂಬುದು ಇಲ್ಲಿ ಮುಖ್ಯ. ಅದು ಒಬ್ಬರ ಸ್ವತ್ತಾಗಿ ಉಳಿಯದೆ ಎಲ್ಲರ ಅಳತೆಯಾಯಿತು. 1987ರಿಂದ 1.44 ಮೆಗಾಬೈಟಿನ ಆ ಫ್ಲಾಪಿ ಕಚೇರಿ ಕಚೇರಿಗೂ ಹಬ್ಬಿತು.

ಅದರ ಉತ್ತರಾಧಿಕಾರಕ್ಕೆ ನಡೆದ ಹೋರಾಟ ಬೇರೆ ಬಗೆಯದು. ಐಯೋಮೆಗಾ ಸಂಸ್ಥೆ 1995ರಲ್ಲಿ 100 ಮೆಗಾಬೈಟಿನ ಜಿಪ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಯಂತ್ರದ ಬೆಲೆ ಸುಮಾರು 200 ಡಾಲರು, ಡಿಸ್ಕಿನದು ಸುಮಾರು 20 ಡಾಲರು, ಲಾಭವಿದ್ದುದು ಡಿಸ್ಕಿನಲ್ಲಿ. ಅದೇ ವರ್ಷ ಸೈಕ್ವೆಸ್ಟ್ ಸಂಸ್ಥೆ 135 ಮೆಗಾಬೈಟಿನ ಡಿಸ್ಕಿನೊಡನೆ ಎದುರಾಯಿತು. ಅನಂತರ ಬಂದ 120 ಮೆಗಾಬೈಟಿನ ಸೂಪರ್‌ಡಿಸ್ಕ್ ಯಂತ್ರಕ್ಕೆ ಹಳೆಯ ಫ್ಲಾಪಿಯನ್ನೂ ಓದುವ ಶಕ್ತಿಯಿತ್ತು. ಆದರೆ ಒಬ್ಬರ ಡಿಸ್ಕು ಮತ್ತೊಬ್ಬರ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಸೈಕ್ವೆಸ್ಟ್ 1998ರ ನವೆಂಬರಿನಲ್ಲಿ ದಿವಾಳಿಯಾಯಿತು. ಐಯೋಮೆಗಾ 2008ರಲ್ಲಿ ಇ.ಎಂ.ಸಿ. ಸಂಸ್ಥೆಯ ಪಾಲಾಯಿತು.

ಇವರನ್ನೆಲ್ಲ ಸೋಲಿಸಿದುದು ಬರೆಯಬಹುದಾದ ಸಿ.ಡಿ. ಅದರಲ್ಲಿ 650 ಮೆಗಾಬೈಟ್ ಹಿಡಿಯುತ್ತಿತ್ತು, ಬೆಲೆ ಅಗ್ಗವಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಸಂಗೀತದ ಸಿ.ಡಿ.ಯ ದೆಸೆಯಿಂದ ಅದನ್ನು ಓದುವ ಯಂತ್ರ ಆಗಲೇ ಎಲ್ಲೆಡೆ ಇತ್ತು. 2000ದಲ್ಲಿ ಪೆನ್ ಡ್ರೈವ್ ಬಂದಿತು. ಐ.ಬಿ.ಎಂ. ಹೆಸರಿನಲ್ಲಿ ಮಾರಾಟವಾದ ಮೊದಲನೆಯದರಲ್ಲಿ ಕೇವಲ 8 ಮೆಗಾಬೈಟ್ ಹಿಡಿಯುತ್ತಿತ್ತು. ಜಿಪ್ ಡಿಸ್ಕಿನ ಹನ್ನೆರಡನೆಯ ಒಂದು ಪಾಲೂ ಇಲ್ಲ. ಆದರೂ ಅದರ ಸಂತತಿಯೇ ಉಳಿಯಿತು, ಏಕೆಂದರೆ ಯು.ಎಸ್.ಬಿ. ಕಿಂಡಿ ಎಲ್ಲ ಗಣಕಗಳಿಗೂ ಸಾಮಾನ್ಯವಾಗಿತ್ತು. ಗಾತ್ರವೇ ಗೆಲುವಿನ ಕಾರಣವೆಂಬ ವಾದ ಇದರಿಂದ ನಿಲ್ಲಲಾರದು.

ಹಾಗೆಂದು ಸರ್ವರಿಗೂ ಸಲ್ಲುವ ಅಳತೆ ಅದರ ತಯಾರಕನನ್ನು ಕಾಯುತ್ತದೆಂದು ತಿಳಿಯಬಾರದು. 1983ರಲ್ಲಿ ಸ್ಥಾಪಿತವಾದ ನಮ್ಮ ದೇಶದ ಮೋಸರ್ ಬೇಯರ್ ಸಂಸ್ಥೆ 1988ರಲ್ಲಿ ಫ್ಲಾಪಿಯನ್ನೂ, 1999ರಿಂದ ಸಿ.ಡಿ.ಗಳನ್ನೂ ತಯಾರಿಸಿ ಹೆಸರು ಪಡೆಯಿತು. 2018ರಲ್ಲಿ ಅದರ ಸಮಾಪನಕ್ಕೆ ಆಜ್ಞೆಯಾಯಿತು. ಆದರೂ ಎರಡು ಬಗೆಯ ಸಾವುಗಳಲ್ಲಿ ಅಂತರವಿದೆ. ಮೋಸರ್ ಬೇಯರಿನ ಸಿ.ಡಿ.ಯನ್ನು ಬೇರೆಯವರ ಯಂತ್ರ ಇಂದಿಗೂ ಓದಬಲ್ಲದು. ಜಿಪ್ ಡಿಸ್ಕನ್ನು ಓದುವ ಯಂತ್ರವಾದರೋ ತಯಾರಿಕೆಯೊಡನೆಯೇ ವಿರಳವಾಯಿತು. ಮೊದಲನೆಯದು ಕಡತದ ಜಾತಿ. ಎರಡನೆಯದು ಒಬ್ಬನೇ ಬೀಗದ ಕೈ ಇಟ್ಟುಕೊಂಡ ಪೆಟ್ಟಿಗೆ.

ಇದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ. ಭೂಮಿ ಯೋಜನೆಯ ಮೂಲಕ ಈ ಶತಮಾನದ ಆರಂಭದಲ್ಲಿ ಶಿಕಾರಿಪುರ, ಸೊರಬಗಳೂ ಸೇರಿ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು, ಎಂದರೆ 67 ಲಕ್ಷ ರೈತರ ಹಕ್ಕಿನ ಬರಹ, ಗಣಕವನ್ನು ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಮಳವಳ್ಳಿಯ ಸ್ತಂಭವೂ ಭೂದತ್ತಿಯ ದಾಖಲೆಯೇ. ಅದು ಸಾವಿರದ ಐನೂರು ವರ್ಷಗಳಿಗೂ ಮೀರಿ ನಿಂತಿರುವಾಗ, ಇಂದಿನ ದಾಖಲೆ ಮುಂದಿನ ಮೂವತ್ತು ವರ್ಷ ಓದಲು ಸಿಕ್ಕೀತೆಂದು ಹೇಳಬೇಕಾದರೆ ಪ್ರತಿಯೊಂದು ತಲೆಮಾರಿನ ಯಂತ್ರಕ್ಕೂ ಅದನ್ನು ಹೊಸದಾಗಿ ನಕಲು ಮಾಡುತ್ತಲೇ ಇರಬೇಕು.

ಆದುದರಿಂದ ನಮ್ಮ ನಿರ್ಣಯವಿಷ್ಟು. ಯಾವ ತಯಾರಕನ ಭವಿಷ್ಯ ಹೇಗಿದೆಯೆಂದು ಊಹಿಸಿ ದಾಖಲೆಯನ್ನು ಒಂದೇ ವಾಹಕಕ್ಕೆ ಒಪ್ಪಿಸುವುದು ಸಲ್ಲದು. ಎಲ್ಲರೂ ಓದಬಲ್ಲ ಅಳತೆಯನ್ನು ಆರಿಸಬೇಕು; ಎರಡು ಮೂರು ಕಡೆ ಪ್ರತಿ ಇರಿಸಬೇಕು; ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ನಕಲು ತೆಗೆಯಬೇಕು; ಮುಖ್ಯವಾದುದನ್ನು ಕಾಗದದಲ್ಲಿ ಅಚ್ಚು ಹಾಕಿಸಬೇಕು. ಸೊರಬದ ಆ ಗ್ರಾಮಗಳಿಗೆ ನಾವು ಮತ್ತೊಮ್ಮೆ ಹೋಗಿ ಟಿಪ್ಪಣಿ ಮಾಡುವ ಕಾರ್ಯವನ್ನು ಕೈಗೊಂಡಿದ್ದೇವೆ. ಹಿರಿಯರು ಕಂಡ ಕಲ್ಲುಗಳೆಲ್ಲ ಅಲ್ಲಿಯೇ ಇರುವುವೆಂಬ ಭರವಸೆ ನಮಗಿಲ್ಲ. ಮೂಲವೂ ನಕಲೂ ಎರಡೂ ಕೈತಪ್ಪಿದ ಕಲ್ಲೊಂದಿದ್ದರೆ ಅದನ್ನು ಇನ್ನು ಯಾರೂ ಓದಲಾರರು.